ಬಿಸ್ಕತ್ತಿನ ತಟ್ಟೆಗೆ ಸಿಲಿಕೋನ್ ಹಾಸು



ಬಾಳೆಲೆಗೆ ಎಣ್ಣೆ ಸವರಿ ಅದರ ಮೇಲೆ ರೊಟ್ಟಿ ತಟ್ಟುವುದು ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದ ಪದ್ಧತಿ. ಹಿಟ್ಟು ಎಲೆಗೆ ಅಂಟದೆ ಸಲೀಸಾಗಿ ಬಿಡುತ್ತದೆ. ಈಗ ಹಲವು ಹಳ್ಳಿಗಳಿಗೆ ವಿದ್ಯುತ್ ಓವನ್ ಬಂದಿದೆ. ಸ್ತ್ರೀಶಕ್ತಿ ಸಂಘದವರು ರಾಗಿ ಬಿಸ್ಕತ್ತು, ನವಣೆ ಬಿಸ್ಕತ್ತು ಮಾಡಿ ಸಂತೆಗೆ ಒಯ್ಯುತ್ತಿದ್ದಾರೆ. ಓವನ್ನಿನ ಒಳಗೆ ಬಾಳೆಲೆಯ ಕೆಲಸವನ್ನು ಮಾಡಿಕೊಡುವ ಸಾಧನವೇ ಸಿಲಿಕೋನ್ ಹಾಸು. ಅಂಗಡಿಯಲ್ಲಿ ಇದನ್ನು ಸಿಲಿಕೋನ್ ಬೇಕಿಂಗ್ ಮ್ಯಾಟ್ ಎಂದು ಕೇಳಬೇಕು. ಇದನ್ನು ಕೊಳ್ಳಬಹುದೇ, ಕೊಂಡರೆ ಬಾಳಿಕೆ ಬರುವಂತೆ ಬಳಸುವುದು ಹೇಗೆ ಎಂದು ಸಂಘದ ಸಭೆಗಳಲ್ಲಿ ಪದೇ ಪದೇ ಕೇಳುತ್ತಿರುವುದರಿಂದ ಈ ನಾಲ್ಕು ಮಾತು.

ಒಳ್ಳೆಯ ಹಾಸಿನ ನಡುವೆ ಗಾಜಿನ ನೂಲಿನಿಂದ ನೇಯ್ದ ತೆಳುವಾದ ಬಟ್ಟೆ ಇರುತ್ತದೆ. ಅದರ ಎರಡು ಮಗ್ಗುಲಿಗೂ ಸಿಲಿಕೋನ್ ರಬ್ಬರನ್ನು ಲೇಪಿಸಿರುತ್ತಾರೆ. ನೂಲು ಹಾಸನ್ನು ಹಿಗ್ಗದಂತೆ ಹಿಡಿದಿಡುತ್ತದೆ, ಲೇಪವು ಹಿಟ್ಟು ಅಂಟದಂತೆ ನೋಡಿಕೊಳ್ಳುತ್ತದೆ. ಇದು ಮರದ ಹಾಲಿನಿಂದ ಬಂದ ರಬ್ಬರಲ್ಲ. ಬೆಣಚುಕಲ್ಲಿನಿಂದ ತೆಗೆದ ಸಿಲಿಕಾನ್ ಎಂಬ ಮೂಲವಸ್ತುವನ್ನು ಆಮ್ಲಜನಕದೊಡನೆ ಸರಪಳಿಯಂತೆ ಜೋಡಿಸಿ ತಯಾರಿಸಿದ ಪದಾರ್ಥ. ಕೆಸುವಿನ ಎಲೆಯ ಮೇಲೆ ನೀರು ಗುಂಡಾಗಿ ಉರುಳುವುದನ್ನು ನೀವು ನೋಡಿದ್ದೀರಿ. ಇದರ ಮೈಗೂ ಸುಮಾರಾಗಿ ಅದೇ ಗುಣ. ಸಾಮಾನ್ಯ ಪ್ಲಾಸ್ಟಿಕ್ ಕರಗಿಹೋಗುವ ಶಾಖವನ್ನು ಇದು ತಡೆಯುತ್ತದೆ.

ತಡೆಯುತ್ತದೆಂದ ಮಾತ್ರಕ್ಕೆ ಬೆಂಕಿಯ ಮೇಲೆ ಇಡಕೂಡದು. ಇಂತಹ ಹಾಸುಗಳ ಶಾಖದ ಮಿತಿ ಸಾಮಾನ್ಯವಾಗಿ 230 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ತಯಾರಕರು ಅದನ್ನು ಹಾಸಿನ ಮೇಲೋ ಪೊಟ್ಟಣದ ಮೇಲೋ ಅಚ್ಚು ಹಾಕಿರುತ್ತಾರೆ. ಬಿಸ್ಕತ್ತಿಗೆ ಬೇಕಾದದ್ದು 170ರಿಂದ 180 ಡಿಗ್ರಿ ಮಾತ್ರ. ಆದ್ದರಿಂದ ಓವನ್ನಿನಲ್ಲಿ ಭಯವಿಲ್ಲ. ಆದರೆ ರೊಟ್ಟಿಯ ಕಾವಲಿ, ಸೌದೆ ಒಲೆ, ಗ್ಯಾಸಿನ ಉರಿ ಇವುಗಳ ಶಾಖಕ್ಕೆ ಅಂಕೆಯಿಲ್ಲ. ಬಾಳೆಲೆಯಂತೆ ಇದನ್ನೂ ರೊಟ್ಟಿಯ ಸಮೇತ ಕಾವಲಿಯ ಮೇಲೆ ಕವುಚಿ ಹಾಕಿದರೆ ಹಾಸು ಸುಟ್ಟುಹೋದೀತು, ರೊಟ್ಟಿಯೂ ಕೆಟ್ಟೀತು. ಅಕ್ಕಿ ರೊಟ್ಟಿಗೆ ಬಾಳೆಲೆಯೇ ಇರಲಿ. ಹಿತ್ತಿಲಲ್ಲಿ ಪುಕ್ಕಟೆ ಸಿಗುವಾಗ ಬೇರೆಯದೇಕೆ?

ಇನ್ನು ಖರ್ಚಿನ ಲೆಕ್ಕ. ಹಾಸಿಗೆ 400 ರೂಪಾಯಿ, ಒಂದು ತಟ್ಟೆಗೆ ಹಾಸುವ ಬೆಣ್ಣೆ ಕಾಗದಕ್ಕೆ 4 ರೂಪಾಯಿ ಎಂದು ಇಟ್ಟುಕೊಳ್ಳಿ. ನಿಮ್ಮ ಪೇಟೆಯ ಬೆಲೆ ಬೇರೆಯಿದ್ದರೆ ಅದನ್ನೇ ಹಾಕಿಕೊಳ್ಳಿ. ನೂರು ಸಲ ಬೇಯಿಸಿದ ಮೇಲೆ ಹಾಸಿನ ಹಣ ಹುಟ್ಟಿತು. ದಿನಕ್ಕೆ ನಾಲ್ಕು ತಟ್ಟೆ ಬೇಯಿಸುವ ಸಂಘಕ್ಕೆ ಇದು 25 ದಿನದ ಮಾತು. ವಾರಕ್ಕೊಮ್ಮೆ ಮಕ್ಕಳಿಗಾಗಿ ಬೇಯಿಸುವ ಮನೆಗೆ ಹೆಚ್ಚುಕಡಿಮೆ ಎರಡು ವರ್ಷ. ಒಂದೇ ಕಾಗದವನ್ನು ಎರಡು ಸಲ ಬಳಸುವವರಿಗೆ ಈ ಅವಧಿ ಇಮ್ಮಡಿಯಾಗುತ್ತದೆ. ಹಬ್ಬಕ್ಕೊಮ್ಮೆ ಓವನ್ ಹಚ್ಚುವವರು ಹಾಸನ್ನು ಕೊಳ್ಳುವುದು ದಂಡ ಎಂಬುದೇ ನನ್ನ ಅಭಿಪ್ರಾಯ. ತಟ್ಟೆಗೆ ಚೂರು ತುಪ್ಪ ಸವರಿ, ಮೇಲೆ ಹಿಟ್ಟು ಉದುರಿಸಿದರೆ ಅವರ ಕೆಲಸ ಆಯಿತು.

ಕಾಗದವನ್ನೇ ಬಳಸುವವರು ಒಂದು ವಿಷಯ ಗಮನಿಸಬೇಕು. ಮೇಣ ಹಚ್ಚಿದ ಕಾಗದವನ್ನೂ ಕೆಲವು ಅಂಗಡಿಯವರು ಬೆಣ್ಣೆ ಕಾಗದವೆಂದೇ ಕೊಡುತ್ತಾರೆ. ಓವನ್ನಿನಲ್ಲಿ ಮೇಣ ಕರಗಿ ಬಿಸ್ಕತ್ತಿಗೆ ಇಳಿಯುತ್ತದೆ, ಹೊಗೆಯೂ ಏಳುತ್ತದೆ. ವೃತ್ತಪತ್ರಿಕೆಯನ್ನಂತೂ ತಟ್ಟೆಗೆ ಹಾಸಲೇಬಾರದು, ಬಿಸ್ಕತ್ತು ಕಟ್ಟಿ ಕೊಡಲೂಬಾರದು. ಅಚ್ಚಿನ ಮಸಿ ತಿಂಡಿಗೆ ಹತ್ತುತ್ತದೆ. ಆಹಾರ ಪದಾರ್ಥವನ್ನು ಅದರಲ್ಲಿ ಕಟ್ಟುವುದನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ತನ್ನ 2018ರ ಪ್ಯಾಕಿಂಗ್ ನಿಯಮಗಳಲ್ಲಿ ನಿಷೇಧಿಸಿದೆ.

ಬಳಸುವ ರೀತಿಯನ್ನು ರಾಗಿ ಬಿಸ್ಕತ್ತಿನ ಮೂಲಕವೇ ಹೇಳುತ್ತೇನೆ. ಹುರಿದು ಆರಿಸಿದ ರಾಗಿ ಹಿಟ್ಟು 200 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ಬೆಣ್ಣೆ 150 ಗ್ರಾಂ, ಪುಡಿ ಬೆಲ್ಲ 125 ಗ್ರಾಂ, ಅರ್ಧ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಕಲಸಲು ಬೇಕಾದಷ್ಟೇ ಹಾಲು. ಹಾಸಿಗೆ ಎಣ್ಣೆ ತುಪ್ಪ ಏನನ್ನೂ ಸವರಬೇಡಿ. ಇದು ಮುಖ್ಯವಾದ ಮಾತು. ಸವರಿದ ಎಣ್ಣೆ ಶಾಖಕ್ಕೆ ಗಟ್ಟಿಯಾಗಿ ಅಂಟು ಪೊರೆಯಂತೆ ಕೂರುತ್ತದೆ. ಅಂಟಬಾರದೆಂದು ಕೊಂಡ ಹಾಸು ತಾನೇ ಅಂಟತೊಡಗುತ್ತದೆ! ಬಿಲ್ಲೆಗಳನ್ನು ಬೆರಳಿನಷ್ಟು ಅಂತರದಲ್ಲಿ ಇಡಿ. ಲೋಹದ ತಟ್ಟೆಗಿಂತ ಇಲ್ಲಿ ತಳ ನಿಧಾನವಾಗಿ ಕೆಂಪಾಗುವುದರಿಂದ ಎರಡು ಮೂರು ನಿಮಿಷ ಹೆಚ್ಚು ಬೇಕಾದೀತು. ಬೆಲ್ಲ ಬೆರೆತ ಬಿಸ್ಕತ್ತಿನ ತಳ ಬೇಗ ಸೀಯುತ್ತದೆ. ಸೀದದ್ದನ್ನೂ ಮುರಿದದ್ದನ್ನೂ ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ. ಆದ್ದರಿಂದ ಈ ನಿಧಾನ ಮಾರುವವರಿಗೆ ಲಾಭವೇ. ಹೊರತೆಗೆದ ಬಿಸ್ಕತ್ತು ಬಿಸಿಯಲ್ಲಿ ಮೆತ್ತಗಿರುತ್ತದೆ. ಹತ್ತು ನಿಮಿಷ ಹಾಸಿನ ಮೇಲೆಯೇ ಬಿಟ್ಟು, ಗಟ್ಟಿಯಾದ ಮೇಲೆ ಎತ್ತಿ. ಬನ್ನು, ಬ್ರೆಡ್ಡುಗಳಿಗೆ ಹಾಸು ಸಲ್ಲದು. ಹಬೆ ಕೆಳಗೆ ಹೋಗಲು ದಾರಿಯಿಲ್ಲದೆ ತಳ ಮೆತ್ತಗಾಗುತ್ತದೆ.

ಪಾವಗಡ, ಚಳ್ಳಕೆರೆಯಂತಹ ಕಡಲೆಕಾಯಿ ಸೀಮೆಯವರಿಗೆ ಇನ್ನೊಂದು ಉಪಯೋಗವಿದೆ. ಚಿಕ್ಕಿಯ ಬೆಲ್ಲದ ಪಾಕ 150 ಡಿಗ್ರಿಯ ಆಸುಪಾಸಿಗೆ ಏರಿರುತ್ತದೆ. ಹಲಗೆಗೋ ತಟ್ಟೆಗೋ ಸುರಿದರೆ ಕೆರೆದು ತೆಗೆಯುವುದೇ ಒಂದು ಕೆಲಸ. ಹಾಸಿನ ಮೇಲೆ ಸುರಿದು ಲಟ್ಟಣಿಗೆಯಿಂದ ಹರಡಿದರೆ ಇಡೀ ಹಾಳೆ ಎದ್ದು ಬರುತ್ತದೆ. ಆದರೆ ಚಿಕ್ಕಿ ಇನ್ನೂ ಬೆಚ್ಚಗಿರುವಾಗಲೇ ಮರದ ಹಲಗೆಗೆ ಜಾರಿಸಿ, ಅಲ್ಲಿ ಕತ್ತರಿಸಬೇಕು. ಹಾಸಿನ ಮೇಲೆ ಚಾಕು ಆಡಿಸಕೂಡದು. ಹಾಸನ್ನು ತಟ್ಟೆಯ ಅಳತೆಗೆ ಕತ್ತರಿಯಿಂದ ಕತ್ತರಿಸಲೂಕೂಡದು. ಒಳಗಿನ ಗಾಜಿನ ನೂಲು ಬಿಚ್ಚಿಕೊಂಡರೆ ಅದರ ಎಳೆಗಳು ತಿಂಡಿಗೆ ಸೇರುತ್ತವೆ. ಗೀರು ಬಿದ್ದು ನೂಲು ಕಾಣುತ್ತಿರುವ ಹಾಸನ್ನು, ಅದು ನಿನ್ನೆ ಕೊಂಡದ್ದಾದರೂ ಸರಿ, ಅಡಿಗೆಗೆ ಬಳಸಬಾರದು. ಮಾರಾಟಕ್ಕಾಗಿ ಮಾಡುವವರು ಪ್ರತಿದಿನ ಬೆಳಿಗ್ಗೆ ಹಾಸನ್ನು ಬೆಳಕಿಗೆ ಹಿಡಿದು ನೋಡುವುದು ಕ್ಷೇಮ. ತಿಂದವರ ಮಕ್ಕಳ ಬಾಯಿಗೆ ಗಾಜು ಹೋದರೆ ಸಂಘದ ಹೆಸರು ಮತ್ತೆ ಬಾರದು.

ಹಪ್ಪಳ, ಸಂಡಿಗೆ ಒಣಗಿಸಲು ಇದು ಆಗದೇ ಎಂದು ಕೇಳಿದವರುಂಟು. ಆದೀತು, ಆದರೆ ಹಾಸು ಚಿಕ್ಕದು, ಅಡಿಯಿಂದ ಗಾಳಿಯಾಡದು. ಹಲಸಿನ ಹಪ್ಪಳಕ್ಕೆ ಓಲೆಯ ಚಾಪೆಯೇ ಲೇಸು.

ತೊಳೆಯಲು ಬಿಸಿನೀರು, ಸ್ವಲ್ಪ ಸಾಬೂನು, ಮೆತ್ತನೆಯ ಬಟ್ಟೆ ಸಾಕು. ತೆಂಗಿನ ನಾರು, ತಂತಿಯ ಉಜ್ಜು, ಬೂದಿ ಇವು ಮೈಯನ್ನು ಗೀರುತ್ತವೆ. ಜಿಡ್ಡು ಕೂತಿದ್ದರೆ ಅಡಿಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಒಣಗಿದ ಮೇಲೆ ಸುತ್ತಿಡಬೇಕು, ಮಡಚಬಾರದು. ಮಡಿಕೆಯಲ್ಲಿ ಗಾಜಿನ ನೂಲು ಮುರಿಯುತ್ತದೆ. ಸಿಲಿಕೋನಿಗೆ ವಾಸನೆ ಹಿಡಿಯುವ ಚಾಳಿಯೂ ಇದೆ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿದ ಖಾರದ ಬಿಸ್ಕತ್ತು ಮಾಡುವ ಸಂಘದವರು ಸಿಹಿಗೆ ಬೇರೊಂದು ಹಾಸು ಇಟ್ಟುಕೊಳ್ಳಿ.

ಹಾಳಾದ ಹಾಸು ತಿಪ್ಪೆಯಲ್ಲಿ ಕೊಳೆಯುವುದಿಲ್ಲ. ಗೊಬ್ಬರದ ಗುಂಡಿಗೆ ಎಸೆಯಬೇಡಿ, ಒಲೆಗೂ ಹಾಕಬೇಡಿ. ಗ್ರಾಮ ಪಂಚಾಯಿತಿಯ ಒಣ ಕಸಕ್ಕೆ ಕೊಡಿ.

ಕೊಳ್ಳುವಾಗ ಆಹಾರ ದರ್ಜೆಯದೆಂಬ ಬರಹ, ಶಾಖದ ಮಿತಿ, ತಯಾರಕರ ವಿಳಾಸ ಈ ಮೂರೂ ಇರುವುದನ್ನೇ ಆರಿಸಿ. ಹಿಂಡಿದಾಗ ಬಿಳಿಚಿಕೊಂಡರೆ ಕಲಬೆರಕೆ ಎಂಬ ಮಾತು ಊರೂರಲ್ಲಿ ಹಬ್ಬಿದೆ. ಅದೊಂದನ್ನೇ ನಂಬಿ ತೀರ್ಮಾನಿಸುವಂತಿಲ್ಲ. ಕಂದು ಬಣ್ಣದ ತೆಳು ಹಾಳೆಯೊಂದನ್ನೂ ಇದರ ಪಕ್ಕದಲ್ಲೇ ಮಾರುತ್ತಾರೆ; ಅದು ಟೆಫ್ಲಾನ್, ಸಿಲಿಕೋನ್ ಅಲ್ಲ. ಅತಿಯಾಗಿ ಕಾದ ಟೆಫ್ಲಾನಿನ ಹೊಗೆ ಪಂಜರದ ಗಿಳಿಯನ್ನು ಕೊಲ್ಲಬಲ್ಲದು, ಕೋಳಿಮರಿಗಳಿಗೂ ಕೇಡು. ಅಡಿಗೆಮನೆಯ ಮೂಲೆಯಲ್ಲಿ ಮರಿ ಸಾಕುವವರು ನೆನಪಿಡಿ.

ಹಾಸನ್ನು ಕತ್ತರಿಸಲಾಗದು ಎಂದೆನಲ್ಲವೇ? ಆದ ಕಾರಣ ಪೇಟೆಗೆ ಹೊರಡುವ ಮೊದಲೇ ಓವನ್ನಿನ ತಟ್ಟೆಯ ಒಳಗಿನ ಉದ್ದಗಲವನ್ನು ದಾರದಿಂದ ಅಳೆದು, ಗಂಟು ಹಾಕಿಕೊಳ್ಳಿ. ಹಾಸು ತಟ್ಟೆಯೊಳಗೆ ಸಮನಾಗಿ ಕೂರಬೇಕು, ಅಂಚು ಮೇಲೆದ್ದು ಕಾಯುವ ಸರಳಿಗೆ ತಗಲಬಾರದು. ಅಂಗಡಿಯಲ್ಲಿ ಆ ದಾರವನ್ನು ಹಾಸಿನ ಮೇಲೆ ಹಿಡಿದು, ಒಂದು ಬೆರಳು ಕಡಿಮೆಯಿರುವುದನ್ನು ಕೇಳಿ ಪಡೆಯಿರಿ.