ಉಗುರಿಗೂ ಬೇಕು ಕ್ಯೂರಿಂಗ್!

ಕಾಂಕ್ರೀಟ್ ಲ್ಯಾಬ್‌ನಲ್ಲಿ ಅಚ್ಚಿನಿಂದ ಕ್ಯೂಬ್ ಬಿಚ್ಚುತ್ತಿದ್ದೆ. ಬೋಲ್ಟ್ ಬಿಗಿಯಾಗಿತ್ತು, ಸ್ಪ್ಯಾನರ್ ಪಕ್ಕದ ಬ್ಯಾಚ್‌ನವರ ಹತ್ತಿರ ಇತ್ತು. ‘ಅಷ್ಟಕ್ಕೇನು’ ಅಂದುಕೊಂಡು ಸಂದಿಗೆ ಉಗುರು ಹಾಕಿ ಮೀಟಿದೆ. ಕ್ಯೂಬ್ ಅಲ್ಲಾಡಲಿಲ್ಲ. 800 ರೂಪಾಯಿಯ ಜೆಲ್ ಮಾತ್ರ ಹೆಬ್ಬೆರಳ ತುದಿಯಲ್ಲಿ ಎದ್ದು ನಿಂತಿತು.

ಅದು ಹಾಕಿಸಿ ಆರನೇ ದಿನ. ತಿಪಟೂರಿನಲ್ಲಿ ಅಕ್ಕನ ಮದುವೆ ಅಂತ, ಟ್ಯೂಷನ್ ಹೇಳಿಕೊಟ್ಟು ಕೂಡಿಟ್ಟಿದ್ದ ದುಡ್ಡಿನಲ್ಲಿ ಮೊದಲ ಸಲ ಜೆಲ್ ಮ್ಯಾನಿಕ್ಯೂರ್ ಮಾಡಿಸಿದ್ದೆ. ತಿಳಿ ಗುಲಾಬಿ ಬಣ್ಣ. ಅರಿಶಿಣ ಶಾಸ್ತ್ರದಲ್ಲಿ ಅಕ್ಕನ ಕೆನ್ನೆಗೆ ಹತ್ತೂ ಬೆರಳಲ್ಲಿ ಅರಿಶಿಣ ಬಳಿದೆ ನೋಡಿ, ಗುಲಾಬಿ ಹೋಗಿ ಮಾವಿನಹಣ್ಣಿನ ಬಣ್ಣವಾಯಿತು!

ಅದನ್ನಾದರೂ ಸಹಿಸಿಕೊಂಡಿದ್ದೆ. ನಿಜವಾದ ತಪ್ಪು ಮಾಡಿದ್ದು ಲ್ಯಾಬ್ ಮುಗಿದ ಮೇಲೆ, ಮಧ್ಯಾಹ್ನದ ಕ್ಲಾಸ್‌ನಲ್ಲಿ. ಎದ್ದಿದ್ದ ತುದಿಯನ್ನು ಸುಮ್ಮನೆ ಕೆರೆಯುತ್ತಾ ಕುಳಿತೆ. ಒಂದು ಚೂರು ಸಿಪ್ಪೆಯಂತೆ ಬಂತು. ಒಂಥರಾ ಮಜಾ ಅನಿಸಿತು. ಕ್ಲಾಸ್ ಮುಗಿಯುವಷ್ಟರಲ್ಲಿ ಹತ್ತು ಉಗುರೂ ಬೋಳು. ರಾತ್ರಿ ಹಾಸ್ಟೆಲ್ ಮೆಸ್‌ನಲ್ಲಿ ಬಿಸಿ ಸಾರಿಗೆ ಕೈ ಹಾಕಿದಾಗ ಗೊತ್ತಾಯಿತು, ಜೆಲ್ ಜೊತೆ ಉಗುರಿನ ಮೇಲ್ಪದರವೂ ಹೋಗಿದೆ ಅಂತ. ಉಗುರು ಕಾಗದದಷ್ಟು ತೆಳುವಾಗಿತ್ತು, ಮೇಲೆ ಬಿಳಿ ಮಚ್ಚೆ, ಮುಟ್ಟಿದರೆ ಉರಿ. ಕೈ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್. ಹಾಳಾದ ಭಾಗ ಪೂರ್ತಿ ಬೆಳೆದು ಕತ್ತರಿಸಿಹೋಗಲು ಹತ್ತಿರ ಹತ್ತಿರ ಆರು ತಿಂಗಳು ಬೇಕಾಯಿತು. ಆ ಆರು ತಿಂಗಳಲ್ಲಿ ಕಲಿತದ್ದು ಇಲ್ಲಿದೆ.

ಏನಿದು ಜೆಲ್?

ಸಿವಿಲ್ ಓದುವ ನಮಗೆ ಕ್ಯೂರಿಂಗ್ ಅಂದರೆ ಕಾಂಕ್ರೀಟನ್ನು ನೀರಲ್ಲಿಟ್ಟು 28 ದಿನ ಕಾಯುವುದು. ಜೆಲ್‌ಗೂ ಕ್ಯೂರಿಂಗ್ ಇದೆ, ಆದರೆ ನಿಮಿಷದ ಲೆಕ್ಕದಲ್ಲಿ. ಮಾಮೂಲಿ ನೇಲ್ ಪಾಲಿಷ್ ಗಾಳಿಗೆ ಒಣಗುತ್ತದೆ. ಜೆಲ್ ಹಾಗೆ ಒಣಗುವುದಿಲ್ಲ. ಅದರಲ್ಲಿರುವ ಅಕ್ರಿಲೇಟ್ ಕಣಗಳು ಲ್ಯಾಂಪಿನ ಬೆಳಕು ಬಿದ್ದಾಗ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಪ್ಲಾಸ್ಟಿಕ್‌ನಂಥ ಗಟ್ಟಿ ಪದರವಾಗುತ್ತವೆ. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಉರು ಹೊಡೆದ ಪಾಲಿಮರ್ ಪಾಠ ಇದೇ!

ಕ್ಯೂರಿಂಗ್ ಸರಿಯಾಗದಿದ್ದರೆ ಕಾಂಕ್ರೀಟ್‌ನಂತೆ ಜೆಲ್ಲೂ ಕೈಕೊಡುತ್ತದೆ. ಅರ್ಧಂಬರ್ಧ ಗಟ್ಟಿಯಾದ ಜೆಲ್ ಚರ್ಮಕ್ಕೆ ತಾಗುತ್ತಿದ್ದರೆ ಅಲರ್ಜಿ ಬರಬಹುದು. ಆನ್‌ಲೈನ್‌ನಲ್ಲಿ ಅಗ್ಗದ ಕಿಟ್ ತರಿಸಿ ರೂಮಿನಲ್ಲೇ ಹಾಕಿಕೊಳ್ಳುವವರು ಜೆಲ್‌ಗೆ ಹೊಂದುವ ಲ್ಯಾಂಪನ್ನೇ ಬಳಸಬೇಕು, ಜೆಲ್ ಚರ್ಮಕ್ಕೆ ಹರಿಯದಂತೆ ನೋಡಿಕೊಳ್ಳಬೇಕು. ತುರಿಕೆ, ಕೆಂಪಾಗುವುದು ಶುರುವಾದರೆ ತೆಗೆಸಿ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಇದೇ ಜಾತಿಯ ರಾಸಾಯನಿಕಗಳು ಹಲ್ಲಿನ ಫಿಲ್ಲಿಂಗ್‌ನಲ್ಲೂ ಇರುವುದರಿಂದ ಈ ಅಲರ್ಜಿ ಮುಂದೆಯೂ ಕಾಡಬಹುದು. ಕೆಲವು ಜೆಲ್‌ಗಳಲ್ಲಿರುವ ಟಿಪಿಒ ಎಂಬ ರಾಸಾಯನಿಕವನ್ನು ಐರೋಪ್ಯ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ಅದು ಇಲ್ಲದ ಜೆಲ್ ಇದೆಯಾ ಅಂತ ಪಾರ್ಲರ್‌ನಲ್ಲಿ ಕೇಳಿ. ಲ್ಯಾಂಪಿನಡಿ ಕೈ ಇಡುವ ಮುಂಚೆ ಕೈ ಹಿಂಭಾಗಕ್ಕೆ ಸನ್‌ಸ್ಕ್ರೀನ್ ಹಚ್ಚಿಕೊಂಡರೆ ಒಳ್ಳೆಯದು, ಉಗುರಿಗೆ ಮಾತ್ರ ತಾಗಿಸಬೇಡಿ.

ಒದ್ದೆ ಗೋಡೆಗೆ ಬಣ್ಣ ನಿಲ್ಲದು

ಉಗುರು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇಲಿನ ಜೆಲ್ ಅಷ್ಟಾಗಿ ಹಿಗ್ಗಿ ಕುಗ್ಗುವುದಿಲ್ಲ. ದಿನಕ್ಕೆ ನಾಲ್ಕು ಸಲ ಈ ಎಳೆದಾಟ ನಡೆದರೆ ಅಂಚು ಏಳುತ್ತದೆ. ಹಾಗಾಗಿ ಬಟ್ಟೆ ಒಗೆಯುವಾಗ, ಪಾತ್ರೆ ತೊಳೆಯುವಾಗ ರಬ್ಬರ್ ಗ್ಲೌಸ್ ಹಾಕಿ. ಮೊದಲ ದಿನವಂತೂ ಬಿಸಿನೀರಲ್ಲಿ ಹೆಚ್ಚು ಹೊತ್ತು ಕೈ ನೆನೆಸಬೇಡಿ. ತಿಳಿ ಬಣ್ಣ ಹಾಕಿಸಿದ್ದರೆ ಅರಿಶಿಣ, ಮೆಹೆಂದಿಯಿಂದ ದೂರ ಇರಿ. ಮನೆಯಲ್ಲಿ ಶುಭಕಾರ್ಯ ಇದ್ದರೆ ಗಾಢ ಬಣ್ಣವೇ ವಾಸಿ.

ಎಣ್ಣೆಗೂ ಹೊತ್ತುಗೊತ್ತು ಇದೆ. ಹಾಕಿಸಲು ಹೋಗುವ ದಿನ ಎಣ್ಣೆ, ಕ್ರೀಮ್ ಬೇಡ. ಜಿಡ್ಡಿನ ಮೇಲೆ ಜೆಲ್ ಹಿಡಿಯುವುದಿಲ್ಲ. ಹಾಕಿಸಿದ ಮೇಲೆ ದಿನಾ ರಾತ್ರಿ ಉಗುರಿನ ಬುಡಕ್ಕೆ ಎರಡು ಹನಿ ಎಣ್ಣೆ ತಿಕ್ಕಿ. ಅಂಗಡಿಯ ಕ್ಯೂಟಿಕಲ್ ಆಯಿಲ್ಲೇ ಆಗಬೇಕೆಂದಿಲ್ಲ. ತಿಪಟೂರಿನವಳು ನಾನು, ಕೊಬ್ಬರಿ ಎಣ್ಣೆ ಬಿಟ್ಟು ಬೇರೆ ಕೊಳ್ಳಲು ಹೋದರೆ ಅಪ್ಪ ಮನೆಗೆ ಸೇರಿಸುತ್ತಾರಾ?

ಇನ್ನೊಂದು ಗುಟ್ಟು: ಹಾಕಿಸುವಾಗ ಉಗುರಿನ ತುದಿಯ ಅಂಚಿಗೂ ಟಾಪ್ ಕೋಟ್ ಬಳಿಯಲು ಹೇಳಿ. ನೀರು ನುಗ್ಗುವುದೇ ಅಲ್ಲಿಂದ. ಉಗುರು ಗಿಡ್ಡ ಇದ್ದಷ್ಟೂ ಬಾಳಿಕೆ ಹೆಚ್ಚು. ಮತ್ತೆ, ಉಗುರು ಸ್ಕ್ರೂಡ್ರೈವರ್ ಅಲ್ಲ. ಡಬ್ಬದ ಮುಚ್ಚಳ ತೆಗೆಯುವುದು, ಸ್ಟಿಕ್ಕರ್ ಕೆರೆಯುವುದು, ಕ್ಯೂಬ್ ಬಿಚ್ಚುವುದು ಅದರ ಕೆಲಸವಲ್ಲ. ಅಂಚು ಎದ್ದರೆ ಕೆರೆಯದೆ, ಫೈಲ್‌ನಿಂದ ನಯ ಮಾಡಿ.

ಬಿಚ್ಚುವುದಕ್ಕೂ ತಾಳ್ಮೆ ಬೇಕು

ಎರಡು-ಮೂರು ವಾರವಾದರೆ ಬುಡದಲ್ಲಿ ಹೊಸ ಉಗುರು ಇಣುಕುತ್ತದೆ. ಆಗ ‘ಇನ್ನೂ ಚೆನ್ನಾಗೇ ಇದೆ’ ಅಂತ ಎಳೆದಾಡದೆ ತೆಗೆಯಬೇಕು. ಪಾರ್ಲರ್‌ನಲ್ಲಿ ತೆಗೆಸುವುದು ಉತ್ತಮ. ಮನೆಯಲ್ಲೇ ಆದರೆ ಮೇಲಿನ ಹೊಳಪನ್ನು ಫೈಲ್‌ನಿಂದ ಉಜ್ಜಿ, ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯನ್ನು ಉಗುರ ಮೇಲಿಟ್ಟು, ಚಪಾತಿ ಸುತ್ತುವ ಫಾಯಿಲ್ ಸುತ್ತಿ. 10ರಿಂದ 15 ನಿಮಿಷ ಬಿಟ್ಟು ಮರದ ಕಡ್ಡಿಯಿಂದ ಮೆಲ್ಲಗೆ ತಳ್ಳಿ. ಬರಲಿಲ್ಲವೇ? ಮತ್ತೆ ಸುತ್ತಿ, ಕೀಳಬೇಡಿ. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ. ಒಲೆ, ಸೊಳ್ಳೆಬತ್ತಿ ಹತ್ತಿರ ಬೇಡ, ಕಿಟಕಿ ತೆರೆದಿರಲಿ.

ಆರು ತಿಂಗಳ ನಂತರ ಕಾಲೇಜ್ ಫೆಸ್ಟ್‌ಗೆ ಮತ್ತೆ ಹಾಕಿಸಿದೆ. ಈ ಸಲ ಮೆರೂನ್. ಲ್ಯಾಬ್‌ನಲ್ಲಿ ಗ್ಲೌಸ್, ರಾತ್ರಿ ಕೊಬ್ಬರಿ ಎಣ್ಣೆ, ಬೋಲ್ಟ್‌ಗೆ ಸ್ಪ್ಯಾನರ್. 18 ದಿನ ಒಂದು ಚೂರೂ ಏಳಲಿಲ್ಲ.

ಆ ನಡುವೆ ಊರಿಗೆ ಹೋದಾಗ ಪಾತ್ರೆ ತೊಳೆಯಲು ಗ್ಲೌಸ್ ಹಾಕಿಕೊಂಡೆ. ಅಮ್ಮ ನಕ್ಕಳು: “ಎರಡು ವಾರದ ಬಣ್ಣಕ್ಕೆ ಇಷ್ಟು ಜೋಪಾನ ಏನೇ?” ಮಾತಾಡುತ್ತಾ ಅವಳ ಕೈ ನೋಡಿದೆ. ಸೋಪಿನ ಪುಡಿಗೆ ಬೆರಳ ತುದಿಗಳು ಒಡೆದಿದ್ದವು. ಇಷ್ಟು ವರ್ಷ ನಾನು ಗಮನಿಸಿಯೇ ಇರಲಿಲ್ಲ. ಸಂಜೆ ಪೇಟೆಗೆ ಹೋಗಿ ಇನ್ನೊಂದು ಜೊತೆ ತಂದುಕೊಟ್ಟೆ. “ಇದನ್ನು ಹಾಕ್ಕೊಂಡ್ರೆ ಜಿಡ್ಡು ಹೋಗಿದ್ದೇ ಗೊತ್ತಾಗಲ್ಲ ಕಣೆ” ಅಂತ ಮೂಲೆಗಿಟ್ಟಳು.

ಮೊನ್ನೆ ಫೋನ್ ಮಾಡಿದ್ದಳು. ಬಾಳೆ ಹೂವು ಬಿಡಿಸುವಾಗ ಹಾಕಿಕೊಂಡಳಂತೆ, ಕೈ ಕಪ್ಪಾಗಲಿಲ್ಲವಂತೆ. “ಮುಂದಿನ ಸಲ ಬರುವಾಗ ಇನ್ನೊಂದು ಜೊತೆ ತಗೊಂಡ್ ಬಾ, ಪಕ್ಕದ ಮನೆ ಆಂಟಿ ಕೇಳ್ತಾ ಇದ್ರು” ಅಂದಳು.