ಊರಿಗೆ ಉಪಕಾರಿ ಆದವಳು ಮನೆಗೆ ಮಾರಿ ಆಗಲೇಬೇಕಾ?

"ಊರಿಗೆ ಉಪಕಾರಿ, ಮನೆಗೆ ಮಾರಿ." ಈ ಗಾದೆಯನ್ನ ಅಮ್ಮ ನಗ್ತಾನೇ ಹೇಳ್ತಾರೆ. ಆದ್ರೂ ಚುಚ್ಚುತ್ತೆ. ಕೆಲವೊಮ್ಮೆ ಅದಕ್ಕೆ ಇನ್ನೊಂದು ಸಾಲೂ ಸೇರುತ್ತೆ: "ಊರೋರ್ ಮಕ್ಳಿಗೆಲ್ಲಾ ಫೀಸು ಹೊಂದಿಸ್ತೀಯ, ನಿನ್ ಮಗಳು ಉಂಡ್ಲಾ ಅಂತ ಕೇಳಿದ್ಯಾ?"

ನನ್ನ ತವರು ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ಕಾವೇರಿ ದಡದ ಊರು. ಹತ್ತು ವರ್ಷದಿಂದ ಬೆಂಗಳೂರಿನ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿದ್ದೇನೆ. ಹಳ್ಳಿಯ ಹೆಣ್ಣುಮಕ್ಕಳು ಹತ್ತನೇ ಕ್ಲಾಸಿಗೇ ಓದು ಬಿಡದ ಹಾಗೆ ನೋಡಿಕೊಳ್ಳೋದು ಸಂಸ್ಥೆಯ ಕೆಲಸ, ಅದಕ್ಕೆ ಬೇಕಾದ ದೇಣಿಗೆ ತರೋದು ನನ್ನ ಕೆಲಸ. ಗಂಡ ಖಾಸಗಿ ಕಂಪನಿಯಲ್ಲಿದ್ದಾರೆ, ಮಗಳಿಗೆ ಏಳು ವರ್ಷ.

ಕೆಲಸ, ಮನೆ ಎರಡನ್ನೂ ತೂಗಿಸೋ ಕಷ್ಟ ಐಟಿಯವರಿಗೂ ಇದೆ, ಬ್ಯಾಂಕಿನವರಿಗೂ ಇದೆ, ನರ್ಸ್‌ಗಳಿಗೂ ಇದೆ. ನಮ್ಮದರಲ್ಲಿ ಒಂದು ಗಂಟು ಜಾಸ್ತಿ. ಸಂಜೆ ಏಳಕ್ಕೆ ಲ್ಯಾಪ್‌ಟಾಪ್ ಮುಚ್ಚಿದಾಗ ನನ್ನ ಹಿಂದೆ ಉಳಿಯೋದು ಯಾವುದೋ ಫೈಲಲ್ಲ, ಒಂದು ಹುಡುಗಿಯ ಹಾಸ್ಟೆಲ್ ಫೀಸು. ಅದನ್ನ ಬಿಟ್ಟು "ಸಾಕು, ಮನೆಗೆ ಹೊರಡ್ತೀನಿ" ಅನ್ನೋದೇ ಸ್ವಾರ್ಥ ಅನ್ನಿಸಿಬಿಡುತ್ತೆ. ಒಳ್ಳೆಯ ಕೆಲಸಕ್ಕೆ ಮಿತಿ ಹಾಕೋದು ಕಷ್ಟ, ಯಾಕಂದ್ರೆ ಮಿತಿ ಹಾಕಿದವರೇ ಕೆಟ್ಟವರ ಥರ ಕಾಣ್ತಾರೆ.

ಕೇಳೋದೂ ಒಂದು ಉದ್ಯೋಗ

"ಸಮಾಜಸೇವೆಗೆ ಸಂಬಳ ಬೇರೆ ಕೊಡ್ತಾರಾ?" ಅಂತ ಮದುವೆ ಮನೆಗಳಲ್ಲಿ ಈಗಲೂ ಕೇಳ್ತಾರೆ. ಕೊಡ್ತಾರೆ. ಈ ಕೆಲಸಕ್ಕೆ ಗುರಿ, ವರದಿ, ಲೆಕ್ಕಪರಿಶೋಧನೆ ಎಲ್ಲಾ ಇದೆ.

2013ರ ಕಂಪನಿ ಕಾಯ್ದೆಯ ಪ್ರಕಾರ, ಲಾಭ ಅಥವಾ ವಹಿವಾಟು ಒಂದು ಮಟ್ಟ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನ ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಇದೇ ಸಿಎಸ್‌ಆರ್. 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯೋದರಿಂದ ಖರ್ಚಾಗದೆ ಉಳಿದ ದುಡ್ಡಿನ ನೆನಪು ಬಹಳಷ್ಟು ಕಂಪನಿಗಳಿಗೆ ಫೆಬ್ರುವರಿಯಲ್ಲಿ ಆಗುತ್ತೆ. "ನಾಳೆ ಸಂಜೆಯೊಳಗೆ ಪ್ರಸ್ತಾವನೆ ಕಳಿಸಿ" ಅಂತ ಮೇಲ್ ಬರೋದು ಆಗಲೇ.

ವ್ಯಕ್ತಿಗತ ದಾನಿಗಳದ್ದು ಬೇರೆ ಲೆಕ್ಕ. 80ಜಿ ರಸೀದಿಗಾಗಿ ಕೊಡೋರು ಮಾರ್ಚ್ ಕೊನೆಯ ವಾರದಲ್ಲೇ ಕೊಡ್ತಾರೆ. ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿ ಸಿಗೋದಿಲ್ಲ. ಹಾಗಾಗಿ ಉಳಿದವರ ಹತ್ತಿರ ಕೂತು ಮಾತಾಡಬೇಕು, ಅವರ ನಂಬಿಕೆ ಗಳಿಸಬೇಕು. ಅವರಿಗೆ ಬಿಡುವಾಗೋದು ಸಂಜೆ, ಶನಿವಾರ, ಭಾನುವಾರ. ಅಮೆರಿಕದ ಕನ್ನಡಿಗರ ಭಾನುವಾರ ಬೆಳಗಿನ ಕಾಫಿ ಸಮಯ ನಮಗೆ ರಾತ್ರಿ ಹತ್ತೂವರೆ. ಒಟ್ಟಿನಲ್ಲಿ ಊರಿಗೆಲ್ಲ ರಜೆ ಇದ್ದಾಗ ನಮಗೆ ಕೆಲಸ.

ಎರಡು ಪಂಚಾಂಗ

ನಮ್ಮ ಅಡುಗೆಮನೆ ಗೋಡೆ ಮೇಲೆ ಒಂದು ಕ್ಯಾಲೆಂಡರ್ ಇದೆ, ಆಫೀಸಲ್ಲಿ ಇನ್ನೊಂದು. ಎರಡೂ ಜಗಳಕ್ಕೆ ನಿಂತ ಹಾಗಿರುತ್ತೆ.

2025ನ್ನೇ ನೋಡಿ. ಯುಗಾದಿ ಬಂದದ್ದು ಮಾರ್ಚ್ 30ರ ಭಾನುವಾರ, ಮರುದಿನವೇ ವರ್ಷದ ಲೆಕ್ಕ ಮುಗಿಯೋ ದಿನ. ದೇಶದಾದ್ಯಂತ ನಡೆಯೋ ದಾನ ಉತ್ಸವ ಪ್ರತಿವರ್ಷ ಅಕ್ಟೋಬರ್ 2ರಿಂದ 8ರವರೆಗೆ. ಆ ವರ್ಷ ವಿಜಯದಶಮಿ ಅಕ್ಟೋಬರ್ 2ಕ್ಕೇ ಬಂತು. ನಮ್ಮೂರಿನ ಸುಬ್ರಹ್ಮಣ್ಯ ಸ್ವಾಮಿ ಷಷ್ಠಿ ಜಾತ್ರೆ, ತೇರು ಇರೋದು ಮಾರ್ಗಶಿರದಲ್ಲಿ, ಅಂದ್ರೆ ನವೆಂಬರ್ ಕೊನೆಗೋ ಡಿಸೆಂಬರ್‌ನಲ್ಲೋ. ವಿದೇಶಿ ದಾನಿಗಳು ಕೈಬಿಚ್ಚಿ ಕೊಡೋ 'ಗಿವಿಂಗ್ ಟ್ಯೂಸ್‌ಡೇ' ಕೂಡ ಅದೇ ಹೊತ್ತಿಗೆ. ಬೆಂಗಳೂರಿಂದ ಚನ್ನರಾಯಪಟ್ಟಣ, ಹೊಳೆನರಸೀಪುರ ದಾಟಿ ಊರು ಮುಟ್ಟೋಕೆ ನಾಲ್ಕೈದು ಗಂಟೆ ಬೇಕು. ಬೆಳಿಗ್ಗೆ ತೇರು ನೋಡಿ ಮಧ್ಯಾಹ್ನದ ಮೀಟಿಂಗ್‌ಗೆ ಬರ್ತೀನಿ ಅನ್ನೋ ಹಾಗಿಲ್ಲ.

ಏಪ್ರಿಲ್ 1ಕ್ಕೆ ಉಸಿರಾಡಬಹುದು ಅಂದ್ಕೋಬೇಡಿ. ಅವತ್ತು ಗುರಿಯ ಮೀಟರ್ ಮತ್ತೆ ಸೊನ್ನೆಗೆ ಬರುತ್ತೆ. ಜೊತೆಗೆ ಹಿಂದಿನ ವರ್ಷದ ದಾನಿಗಳ ವಿವರ ಮೇ 31ರೊಳಗೆ ತೆರಿಗೆ ಇಲಾಖೆಗೆ ಸಲ್ಲಿಸಬೇಕು.

ಬ್ಯಾರನ್ ಮುಂದೆ ಅಪ್ಪ

ಇದಕ್ಕಿಂತ ಕಷ್ಟದ ಕೆಲಸ ನಮ್ಮನೆಯಲ್ಲಿ ಮೊದಲೂ ಇತ್ತು. ರಾಮನಾಥಪುರ ಸುತ್ತಮುತ್ತ ಹೊಗೆಸೊಪ್ಪಿನ ಬೇಸಾಯ ಜೋರು, ಊರಲ್ಲೇ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಅಪ್ಪನೂ ಬೆಳೀತಿದ್ರು. ಮಳೆಗಾಲದಲ್ಲಿ ಸೊಪ್ಪು ಕಿತ್ತು, ಕಡ್ಡಿಗೆ ಕಟ್ಟಿ, ಬ್ಯಾರನ್ ತುಂಬಿಸಿದ್ರೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಶಾಖ ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಬಣ್ಣ ಕೆಡುತ್ತೆ, ಬಣ್ಣ ಕೆಟ್ಟರೆ ರೇಟು ಬೀಳುತ್ತೆ. ಒಂದು ಬೇಯೋದು ಮುಗೀತು ಅನ್ನೋಷ್ಟರಲ್ಲಿ ಇನ್ನೊಂದು. ಆ ತಿಂಗಳುಗಳಲ್ಲಿ ಅಪ್ಪನ ಊಟ, ನಿದ್ದೆ ಎಲ್ಲಾ ಬ್ಯಾರನ್ ಹತ್ತಿರವೇ.

ಆದ್ರೆ ನಮಗ್ಯಾರಿಗೂ ಅಪ್ಪ ಕೈಗೆ ಸಿಗಲ್ಲ ಅನ್ನಿಸಲಿಲ್ಲ. ಯಾಕೆ ಅಂತ ಈಗ ಹೊಳೀತಿದೆ. ಆ ಕಷ್ಟಕ್ಕೆ ಒಂದು ಕೊನೆ ಇತ್ತು, ಅದು ಯಾವಾಗ ಅಂತ ಮನೆಯವರಿಗೆಲ್ಲ ಗೊತ್ತಿತ್ತು. ಹರಾಜು ಮುಗಿದ ಮೇಲೆ ಅಪ್ಪ ನಮ್ಮವರು. ಅಷ್ಟೇ ಅಲ್ಲ, ಆ ಕೆಲಸದಲ್ಲಿ ಅಮ್ಮ, ಚಿಕ್ಕಪ್ಪ, ಅಕ್ಕಪಕ್ಕದವರು ಎಲ್ಲರೂ ಕೈಜೋಡಿಸ್ತಿದ್ರು. ರಾತ್ರಿ ಬೆಂಕಿ ನೋಡೋಕೆ ಪಾಳಿ ಇರ್ತಿತ್ತು. ನನ್ನ ಕೆಲಸದಲ್ಲಿ ಇವೆರಡೂ ಇರಲಿಲ್ಲ. ಕೊನೆಯೂ ಇಲ್ಲ, ಪಾಳಿಯೂ ಇಲ್ಲ.

ಜೋಳಿಗೆ ಹಿಡಿದವರಿಗೆ ಮನೆ ಇರಲಿಲ್ಲ

ಇನ್ನೊಬ್ಬರಿಗಾಗಿ ಕೈಚಾಚೋದು ನಮ್ಮ ನಾಡಿಗೆ ಹೊಸದಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಭಕ್ತರ ಮನೆಬಾಗಿಲಿಗೆ ಹೋಗಿ ದವಸ ಕೇಳಿ ಸಾವಿರಾರು ಮಕ್ಕಳ ಅನ್ನ, ಅಕ್ಷರ ನಡೆಸಿದವರು. ಇಳಕಲ್‌ನ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆ ಕೇಳಿದರು. ಇವರೆಲ್ಲ ಸನ್ಯಾಸಿಗಳು, ಮನೆ ಬಿಟ್ಟು ಬಂದವರು. 'ಕೇಳುವವರು' ಅಂದ ಕೂಡಲೇ ನಮ್ಮ ಮನಸ್ಸಿಗೆ ಬರೋದು ಅವರ ಚಿತ್ರ. ಆರು ಗಂಟೆಗೆ ಮಗಳನ್ನ ಡೇಕೇರ್‌ನಿಂದ ಕರ್ಕೊಂಡು ಬರಬೇಕಾದವಳು ಆ ಚಿತ್ರದಲ್ಲಿ ಎಲ್ಲಿ ಬರ್ತಾಳೆ? ಆಫೀಸೂ, ದಾನಿಗಳೂ, ಕೊನೆಗೆ ನಾವೂ ಸನ್ಯಾಸಿಯ ತ್ಯಾಗವನ್ನೇ ಸಂಸಾರಸ್ಥರಿಂದ ನಿರೀಕ್ಷಿಸ್ತೀವಿ.

ಸಂಸಾರಸ್ಥರ ದಾನಕ್ಕೂ ನಮ್ಮಲ್ಲಿ ಒಂದು ಮಾದರಿ ಇತ್ತು: ವಾರಾನ್ನ. ಓದೋಕೆ ಬಂದ ಬಡ ಹುಡುಗ ಸೋಮವಾರ ಒಂದು ಮನೇಲಿ, ಮಂಗಳವಾರ ಇನ್ನೊಂದು ಮನೇಲಿ ಉಣ್ತಿದ್ದ. ಪ್ರತಿ ಮನೆಗೂ ತನ್ನ ವಾರ ಯಾವುದು ಅಂತ ಗೊತ್ತಿತ್ತು. ಒಂದೇ ಮನೆ ಏಳೂ ದಿನ ಹಾಕಬೇಕಾಗಿದ್ರೆ ಅದು ಎಷ್ಟು ದಿನ ನಡೀತಿತ್ತು ಹೇಳಿ! ಮಿತಿ ಇದ್ದದ್ದಕ್ಕೇ ಆ ಹುಡುಗನ ಓದು ಪೂರ್ತಿ ಆಯ್ತು.

ನಿಗದಿತ ನಿಧಿ

ಎರಡು ವರ್ಷದ ಹಿಂದೆ ವಿಭಾಗದ ಮುಖ್ಯಸ್ಥೆ ಆಗ್ತೀರಾ ಅಂತ ಸಂಸ್ಥೆಯಲ್ಲಿ ಕೇಳಿದ್ರು. ಗುರಿಯೂ ದೊಡ್ಡದು, ಓಡಾಟವೂ ಜಾಸ್ತಿ. ಗಂಡನ ಹತ್ತಿರ ಹೇಳಿದಾಗ, "ಒಪ್ಕೋ. ಆದ್ರೆ ನಿನ್ನ ದಿನ ಹೇಗಿರುತ್ತೆ ಅಂತ ಬರೆಯುವಾಗ ನನ್ನ ದಿನ ಏನಾಗುತ್ತೆ ಅಂತಾನೂ ಪಕ್ಕದಲ್ಲಿ ಬರಿ" ಅಂದ್ರು. ಬರೆದು ನೋಡಿದ ಮೇಲೆ ಇಬ್ಬರಿಗೂ ಗೊತ್ತಾಯ್ತು, ಹೀಗೇ ಹೋದ್ರೆ ಒಂದು ವರ್ಷವೂ ನಡೆಯಲ್ಲ.

ನಮ್ಮ ಲೆಕ್ಕದಲ್ಲಿ 'ನಿಗದಿತ ನಿಧಿ' ಅಂತ ಒಂದಿದೆ. ದಾನಿ ಹಾಸ್ಟೆಲ್ ಅಡುಗೆಮನೆಗೆ ಅಂತ ಕೊಟ್ಟ ದುಡ್ಡಲ್ಲಿ ಪುಸ್ತಕ ಕೊಳ್ಳೋ ಹಾಗಿಲ್ಲ. ಪುಸ್ತಕ ಎಷ್ಟೇ ಒಳ್ಳೆಯದಾದ್ರೂ, ಎಷ್ಟೇ ತುರ್ತಿದ್ರೂ ಸರಿಯೇ. ಮನೆಯ ಸಮಯಕ್ಕೂ ಇದೇ ನಿಯಮ ಅಂತ ತೀರ್ಮಾನಿಸಿ, ನಾಲ್ಕು ಷರತ್ತು ಬರೆದು ಕೊಟ್ಟು ಕೆಲಸ ಒಪ್ಪಿಕೊಂಡೆ.

ಒಂದು: ಏಪ್ರಿಲ್‌ನಲ್ಲಿ ವರ್ಷದ ಕ್ಯಾಲೆಂಡರ್ ಹಾಕುವಾಗ ತಂಡದ ಎಲ್ಲರ ಮನೆಯ ದಿನಗಳು ಮೊದಲು ಬರಬೇಕು. ನನ್ನವು ಯುಗಾದಿ, ಷಷ್ಠಿ ಜಾತ್ರೆಯ ಮೂರು ದಿನ, ಮಗಳ ಶಾಲೆಯ ವಾರ್ಷಿಕೋತ್ಸವ.

ಎರಡು: ಪ್ರತಿ ದಾನಿಗೂ ನಮ್ಮಲ್ಲಿ ಇಬ್ಬರ ಪರಿಚಯ ಇರಬೇಕು. ಬ್ಯಾರನ್ ಕಾಯೋ ಪಾಳಿಯ ಹಾಗೆ. ಒಬ್ಬರೇ ಇದ್ದರೆ ಅವರಿಗೆ ಜ್ವರ ಬರೋ ಹಾಗೂ ಇಲ್ಲ.

ಮೂರು: ವಿದೇಶದ ಕರೆಗಳಿಗೆ ವಾರದಲ್ಲಿ ಎರಡೇ ರಾತ್ರಿ. ಅವತ್ತು ಮಗಳನ್ನ ಮಲಗಿಸೋದು ಅವಳಪ್ಪನ ಕೆಲಸ. ಇದಕ್ಕೆ 'ಸಹಾಯ' ಅನ್ನೋ ಹೆಸರು ಬೇಡ ಅಂತ ಮಾತಾಡ್ಕೊಂಡಿದ್ದೀವಿ.

ನಾಲ್ಕು: ಮಾರ್ಚ್ ತಿಂಗಳು ನಮ್ಮ ಬ್ಯಾರನ್ ತಿಂಗಳು. ಅದನ್ನ ಮನೆಯಲ್ಲಿ ಮೊದಲೇ ಹೇಳೋದು, ಏಪ್ರಿಲ್ ಎರಡನೇ ವಾರ ಇಡೀ ತಂಡಕ್ಕೆ ಪಾಳಿ ಪ್ರಕಾರ ರಜೆ ಕೊಡೋದು.

ಬೆಲೆ ತೆತ್ತಿದ್ದೂ ಇದೆ

ಇದರಿಂದ ಎಲ್ಲಾ ಸರಿಹೋಯ್ತು ಅಂತ ಹೇಳಿದ್ರೆ ಸುಳ್ಳಾಗುತ್ತೆ. ಮೊದಲ ವರ್ಷವೇ ಒಂದು ದೊಡ್ಡ ಕಂಪನಿಯವರು ತೇರಿನ ದಿನವೇ ಮೀಟಿಂಗ್ ಅಂದ್ರು, ದಿನ ಬದಲಿಸೋಕೆ ಒಪ್ಪಲಿಲ್ಲ. ಸಹೋದ್ಯೋಗಿ ಹೋದ್ರು, ಚೆನ್ನಾಗೇ ಮಾತಾಡಿದ್ರು. ಅನುದಾನ ಬರಲಿಲ್ಲ. ನಾನು ಹೋಗಿದ್ರೆ ಬರ್ತಿತ್ತಾ? ಗೊತ್ತಿಲ್ಲ. ಆ ದುಡ್ಡನ್ನ ನೆಚ್ಚಿಕೊಂಡಿದ್ದ ಹುಡುಗಿಯರಿಗೆ ಬೇರೆ ಕಡೆಯಿಂದ ಹೊಂದಿಸೋಕೆ ನಾಲ್ಕು ತಿಂಗಳು ಹಿಡೀತು. ಆ ನಾಲ್ಕು ತಿಂಗಳು ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಆದ್ರೆ ಇನ್ನೊಂದು ಲೆಕ್ಕವೂ ಇದೆ. ನಾನು ಸೇರಿದಾಗ ಜೊತೆಗಿದ್ದ ಆರು ಜನರಲ್ಲಿ ಐವರು ಈ ಕ್ಷೇತ್ರದಲ್ಲೇ ಇಲ್ಲ. ಇಬ್ಬರು ಹೆರಿಗೆ ರಜೆಯ ನಂತರ ವಾಪಸ್ ಬರಲಿಲ್ಲ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರ ಆಯ್ತು, ನಿಜ. ಆದ್ರೆ ಶಿಶುಪಾಲನಾ ಕೇಂದ್ರ ಕಡ್ಡಾಯ ಆಗಿದ್ದು 50 ಅಥವಾ ಹೆಚ್ಚು ಉದ್ಯೋಗಿಗಳಿರೋ ಕಡೆ ಮಾತ್ರ. ನಮ್ಮಂಥ ಸಣ್ಣ ಸಂಸ್ಥೆಗಳಲ್ಲಿ 27ನೇ ವಾರ ಮಗು ಎಲ್ಲಿರಬೇಕು ಅನ್ನೋದು ತಾಯಿಯ ತಲೆನೋವು. ಅನುಭವ ಇದ್ದವರು ಹೀಗೆ ಬಿಟ್ಟುಹೋದಾಗ ಅವರ ಜೊತೆ ದಾನಿಗಳ ವಿಶ್ವಾಸವೂ ಹೋಗುತ್ತೆ. ಅದನ್ನ ಕಟ್ಟೋಕೆ ಮತ್ತೆ ವರ್ಷಗಳು ಬೇಕು. ಆ ನಷ್ಟವನ್ನ ಯಾವ ವಾರ್ಷಿಕ ವರದಿಯೂ ಬರೆಯಲ್ಲ.

ನಾಲ್ಕೇ ಜನರಿರೋ ಸಂಸ್ಥೆಯಲ್ಲಿ ನನ್ನ ಷರತ್ತುಗಳು ನಡೆಯದೇ ಇರಬಹುದು. ಅಲ್ಲಿ ಕೆಲಸದವರ ಮನೆಯ ದಿನಗಳನ್ನ ಕಾಪಾಡೋ ಹೊಣೆ ಟ್ರಸ್ಟಿಗಳದ್ದು.

ದಾನಿಗಳದ್ದೂ ಒಂದಿಷ್ಟಿದೆ. ಇದನ್ನ ಫೋನಲ್ಲಿ ಓದ್ತಿರೋ ನಿಮ್ಮಲ್ಲಿ ಅನೇಕರು ಎಲ್ಲೋ ಒಂದು ಕಡೆ ಕೊಡೋರೇ. ಮಾರ್ಚ್ 31ರ ರಾತ್ರಿ ಒಟ್ಟಿಗೆ ಹನ್ನೆರಡು ಸಾವಿರ ಕೊಡೋ ಬದಲು ಏಪ್ರಿಲ್‌ನಿಂದಲೇ ತಿಂಗಳಿಗೆ ಒಂದು ಸಾವಿರ ಕೊಡಿ. ದುಡ್ಡು ಅಷ್ಟೇ. ಆದ್ರೆ ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಹುಡುಗಿಯ ಫೀಸು ಸಿದ್ಧ ಇರುತ್ತೆ, ಮುಂದಿನ ಮಾರ್ಚ್‌ನಲ್ಲಿ ನನ್ನಂಥವಳೊಬ್ಬಳು ರಾತ್ರಿ ಊಟಕ್ಕೆ ಮನೆಯಲ್ಲಿರ್ತಾಳೆ.