ಅಂದುಕೊಂಡದ್ದು ಯಾವಾಗ?

‘ಮಳೆ ಬರುತ್ತೆ ಅಂದುಕೊಂಡಿದ್ದೆ, ಬರಲಿಲ್ಲ.’ ಹೊಸೂರಿನಲ್ಲೋ ಡೆಂಕಣಿಕೋಟೆಯಲ್ಲೋ ಕನ್ನಡ ಮನೆಮಾತಿನ ಹುಡುಗಿ ಹೀಗೆಂದರೆ ಯಾರೂ ತಪ್ಪು ಹಿಡಿಯುವುದಿಲ್ಲ. ಅದನ್ನೇ ಅವಳು ‘ಐ ಥಾಟ್ ಇಟ್ ವಿಲ್ ರೇನ್’ ಎಂದು ಬರೆದರೆ ಮೇಷ್ಟ್ರ ಕೆಂಪು ಶಾಯಿ ‘ವಿಲ್’ ಹೊಡೆದು ‘ವುಡ್’ ಮಾಡುತ್ತದೆ.

ಇದು ಅಜಾಗರೂಕತೆಯ ತಪ್ಪಲ್ಲ. ಕನ್ನಡದಲ್ಲಿ ‘ಅಂತ’, ‘ಎಂದು’ ಬಂದ ಕಡೆ, ಅಂದುಕೊಂಡ ಮಾತು ಅಂದುಕೊಂಡ ಹಾಗೆಯೇ ಉಳಿಯುತ್ತದೆ. ಆ ಗಳಿಗೆಯಲ್ಲಿ ಮಳೆ ಇನ್ನೂ ಬರಬೇಕಿತ್ತು. ಹತ್ತು ವರ್ಷದ ಮೇಲೆ ನೆನೆದರೂ ಅದು ‘ಬರುತ್ತೆ’ ಆಗಿಯೇ ಇರುತ್ತದೆ. ಸರ್ವನಾಮವೂ ಅಷ್ಟೆ. ‘ನಾನು ಬರ್ತೀನಿ ಅಂತ ಅಣ್ಣ ಹೇಳಿದ’ ಎಂದಾಗ ‘ನಾನು’ ಹೇಳುತ್ತಿರುವ ತಂಗಿಯಲ್ಲ, ಅಣ್ಣ. ಇಂಗ್ಲಿಷ್ ಹಾಗಲ್ಲ. ಉದ್ಧರಣ ಚಿಹ್ನೆ ಇಲ್ಲದಿದ್ದರೆ ಅದು ಎಲ್ಲವನ್ನೂ ಹೇಳುವವರ ಈ ಹೊತ್ತಿನಿಂದ ಅಳೆಯುತ್ತದೆ: ‘ಹಿ ಸೆಡ್ ಹಿ ವುಡ್ ಕಮ್’.

ಹೊಸೂರಿನ ತರಗತಿಯಲ್ಲಿ ಈ ತೊಡಕು ಕನ್ನಡದ ಮಕ್ಕಳಿಗೆ ಮಾತ್ರ ಅಲ್ಲ. ಪಕ್ಕದ ಬೆಂಚಿನ ತಮಿಳು ಹುಡುಗ ‘ವರುವಾನ್ನು ನೆನಚ್ಚೇನ್’ ಅನ್ನುತ್ತಾನೆ, ತೆಲುಗಿನವಳು ‘ವಸ್ತಾಡನಿ ಅನುಕುನ್ನಾನು’ ಅನ್ನುತ್ತಾಳೆ. ಮೂರೂ ಭಾಷೆಗಳ ಕಟ್ಟಡ ಒಂದೇ, ಹಾಗಾಗಿ ಮೂವರೂ ಎಡವುವ ಜಾಗವೂ ಒಂದೇ. ರಷ್ಯನ್, ಜಪಾನಿ ಭಾಷೆಗಳೂ ಮೂಲದ ಕಾಲವನ್ನು ಹೀಗೇ ಉಳಿಸಿಕೊಳ್ಳುತ್ತವೆ.

ಇಂಗ್ಲಿಷಿನಲ್ಲಿ ‘ಥಾಟ್’, ‘ನ್ಯೂ’, ‘ಹೋಪ್ಡ್’ ಮುಂದೆ ಬಂದರೆ ‘ಈಸ್’ ಹೋಗಿ ‘ವಾಸ್’, ‘ಕ್ಯಾನ್’ ಹೋಗಿ ‘ಕುಡ್’, ‘ಹ್ಯಾಸ್ ಕಮ್’ ಹೋಗಿ ‘ಹ್ಯಾಡ್ ಕಮ್’ ಬರುತ್ತದೆ. ಮಕ್ಕಳಿಗೆ ಹೆಚ್ಚು ಕಷ್ಟ ಕೊಡುವುದು ‘ವುಡ್’. ರೂಪ ಭೂತಕಾಲದ್ದು, ಹೇಳುವುದು ಮುಂದಿನದನ್ನು: ಆಗ ನಿಂತು ನೋಡಿದಾಗ ಕಂಡ ಭವಿಷ್ಯ ಅದು. ಶಾಲೆಯಲ್ಲಿ ಕೋಷ್ಟಕ ಬಾಯಿಪಾಠ ಮಾಡಿಸುವ ಮೊದಲು ಇಷ್ಟನ್ನು ಬಿಡಿಸಿ ಹೇಳಬೇಕು. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ತಮಿಳು ಮನೆಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ರಾಜಾಜಿ ಮುಂದೆ ಇಂಗ್ಲಿಷಿನಲ್ಲಿ ಹೆಸರಾಂತ ಬರಹಗಾರರಾದರು. ಇಲ್ಲಿನ ಮನೆಮಾತು ಇಂಗ್ಲಿಷಿಗೆ ಅಡ್ಡಿಯೆನ್ನುವುದಕ್ಕೆ ಆಧಾರವಿಲ್ಲ.

ನಿಯಮಕ್ಕೆ ಸಡಿಲಿಕೆಯೂ ಉಂಟು. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬಂಥ ಸದಾ ನಿಜವಾದ ಮಾತಿಗೆ ವರ್ತಮಾನ ಕಾಲವೇ ನಿಲ್ಲಬಹುದು. ಒಬ್ಬರು ಈಗಲೂ ಹೊಸೂರಿನಲ್ಲೇ ಇದ್ದರೆ ‘ಹಿ ಸೆಡ್ ಹಿ ಲಿವ್ಸ್ ಇನ್ ಹೊಸೂರು’ ಕೂಡ ಸರಿ. ‘ಥಾಟ್’ ಬಂದರೆ ಮಾತ್ರ ಇಷ್ಟು ಸಲಿಗೆ ಸಿಗದು. ಅಂದುಕೊಂಡದ್ದು ಸುಳ್ಳಾಗಿರಬಹುದೆಂಬ ಸುಳಿವು ಆ ಕ್ರಿಯಾಪದದಲ್ಲೇ ಇರುತ್ತದೆ.

ಅತ್ತಿಬೆಲೆ ಗಡಿ ದಾಟಿ ಬಂದವರಿಗೆ ಹೊಸೂರಿನವರು ‘ನೀವು ಬೆಂಗಳೂರಿನೋರು ಅಂದುಕೊಂಡೆ’ ಅಂದರೆ, ‘ನೀವು ಬೆಂಗಳೂರಿನೋರು’ ಎಂಬ ಭಾಗದಲ್ಲಿ ಕ್ರಿಯಾಪದವೇ ಇಲ್ಲ, ಕಾಲವೂ ಇಲ್ಲ. ಇಂಗ್ಲಿಷಿನಲ್ಲಿ ಅದಕ್ಕೊಂದು ‘ವರ್’ ಹುಡುಕಿ ತರಬೇಕು: ‘ಐ ಥಾಟ್ ಯು ವರ್ ಫ್ರಮ್ ಬೆಂಗಳೂರು’. ಎದುರಿಗಿರುವವರು ಇವತ್ತಿಗೂ ಬೆಂಗಳೂರಿನವರೇ ಆಗಿದ್ದರೂ ಅಲ್ಲಿ ‘ವರ್’ ಎಂದೇ ಹೇಳಬೇಕು.